‘ಕಾಯಿಲೆ ಗೊತ್ತಾದರೆ ಖಿನ್ನತೆ ಖಚಿತ’ ಎಂಬುದು ಸರಿಯಲ್ಲ

“ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವಂಥ, ನಿಜವಲ್ಲದ್ದನ್ನು ಗಟ್ಟಿಯಾಗಿ ನಂಬಿಸುವಂಥ ಮಾನಸಿಕ ಕಾಯಿಲೆ) ಇರುವವರಿಗೆ ಅದರ ವಿಷಯ ಹೇಳಬೇಡಿ, ಅರಿವು ಬಂದರೆ ಖಿನ್ನತೆಗೆ ಬೀಳ್ತಾರೆ” ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ.

2003ರಲ್ಲಿ 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ‘ನನಗೆ ಕಾಯಿಲೆ ಇದೆ’ ಎಂಬ ಅರಿವಿಗೂ ಖಿನ್ನತೆಗೂ ನಂಟು ಕಂಡಿದ್ದು ನಿಜ. ಆದರೆ ಅದು ಸಣ್ಣ ನಂಟು. ಒಂದರಿಂದಲೇ ಇನ್ನೊಂದು ಬರುತ್ತದೆ ಅಂತ ಅದರಿಂದ ಹೇಳಲಾಗದು. ಮನಸ್ಸು ಕುಗ್ಗಿದಾಗಲೂ ನಮ್ಮ ಕಷ್ಟ ನಮಗೆ ಜಾಸ್ತಿ ಕಾಣುತ್ತದೆ, ಅಲ್ವಾ?

ಕಾಯಿಲೆಯ ಹೆಸರಿಗೆ ಅಂಟಿದ ಕಳಂಕವನ್ನೂ ನೋಡಬೇಕು. ‘ನಾನಿನ್ನು ಯಾವುದಕ್ಕೂ ಆಗಲ್ಲ’ ಎಂದು ನಂಬಿಬಿಟ್ಟವರಲ್ಲಿ ಅರಿವಿನ ಜೊತೆ ನಿರಾಸೆ ಹೆಚ್ಚು. ಹಾಗೆ ನಂಬದವರಲ್ಲಿ ಅಷ್ಟಿಲ್ಲ. ಅರಿವಿದ್ದವರು ಔಷಧಿ ಬಿಡುವುದೂ ಕಡಿಮೆ. ದಯವಿಟ್ಟು ಮುಚ್ಚಿಡಬೇಡಿ. ನಿಧಾನವಾಗಿ ಹೇಳಿ, ಜೊತೆಗಿರಿ. ಮಂಕಾದರೆ, ಸಾಯುವ ಮಾತಾಡಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ.