ಸಂಬಳ ನಿಂತರೂ ವಿಶೇಷಣ ನಿಲ್ಲುವುದಿಲ್ಲ

ಬೆಂಗಳೂರು ಎಫ್‌ಸಿ ಆಟಗಾರರ ಸಂಬಳ ನಿಂತ ಕಥೆ ನಿಮಗೆ ಗೊತ್ತೇ ಇದೆ. 2025ರ ಆಗಸ್ಟ್ 4ರಂದು ಕ್ಲಬ್ಬು ಪ್ರಕಟಣೆ ಹೊರಡಿಸಿತು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ನಡೆಯುತ್ತದೋ ಇಲ್ಲವೋ ತಿಳಿಯದು, ಆದ್ದರಿಂದ ಮೊದಲ ತಂಡದ ಆಟಗಾರರಿಗೂ ಸಿಬ್ಬಂದಿಗೂ ಅನಿರ್ದಿಷ್ಟ ಕಾಲ ಸಂಬಳವಿಲ್ಲ. ಬಲು ಕಷ್ಟದ ನಿರ್ಧಾರ ಎಂದೂ ಸೇರಿಸಿತ್ತು. ಕಷ್ಟ ಯಾರಿಗೆ ಅಂತ ಕೇಳಬೇಡಿ. ಇಲ್ಲಿನ ಚಿಂತೆ ಬೇರೆ: ಇಂಥ ಸುದ್ದಿಯನ್ನು ವಿಕಿಪೀಡಿಯದ ಕ್ಲಬ್ ಲೇಖನಗಳ ಭಾಷೆಗೆ ಇಳಿಸುವುದು ಹೇಗೆ?

ಆ ಭಾಷೆ ಪಳಗಿದವರಿಗೆ ನೀರು ಕುಡಿದಷ್ಟು ಸುಲಭ. “ದೇಶದ ಅತ್ಯಂತ ವೃತ್ತಿಪರ ಕ್ಲಬ್‌ಗಳಲ್ಲಿ ಒಂದೆಂದು ವ್ಯಾಪಕವಾಗಿ ಪರಿಗಣಿಸಲ್ಪಟ್ಟಿರುವ ತಂಡದಲ್ಲಿ ವೇತನ ಪಾವತಿಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಯಿತು.” ಆಹಾ! ಪರಿಗಣಿಸಿದವರು ಯಾರು? ಕಾಣೆ. ನಿಲ್ಲಿಸಿದವರು? ಅವರೂ ಕಾಣೆ. ಯಾರ ಸಂಬಳ? ಅದೂ ಇಲ್ಲ. ಪ್ರಕಟಣೆಯಲ್ಲಿದ್ದ ‘ಅನಿರ್ದಿಷ್ಟ’ ದಾರಿಯಲ್ಲಿ ಎಲ್ಲೋ ಬಟ್ಟೆ ಬದಲಿಸಿಕೊಂಡು ‘ತಾತ್ಕಾಲಿಕ’ವಾಗಿ ಒಳಗೆ ಬಂದಿದೆ. ಹನ್ನೆರಡು ಪದಗಳಲ್ಲಿ ಒಬ್ಬ ಮನುಷ್ಯನೂ ಸಿಗದಂತೆ ವಾಕ್ಯ ಕಟ್ಟುವುದು ಸಣ್ಣ ಪ್ರತಿಭೆಯಲ್ಲ. ಇಂಥವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಿ, ಪ್ರಶಸ್ತಿಯ ಹಣವನ್ನು ಮಾತ್ರ ಅನಿರ್ದಿಷ್ಟ ಕಾಲ ತಡೆಹಿಡಿಯಿರಿ.

ಬಿರುದಾವಳಿ ನಮಗೇನೂ ಹೊಸದಲ್ಲ ಬಿಡಿ. ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಅಂತ ಚಾಲುಕ್ಯರ ಶಾಸನಗಳು ಶುರುವಾದರೆ ಅರಸನ ಹೆಸರು ಬರುವ ಹೊತ್ತಿಗೆ ಓದುವವನ ಉಸಿರು ಕಟ್ಟುತ್ತದೆ. ಆದರೆ ಶಾಸನ ಬರೆದವನು ನಿಯತ್ತಿನವನು. ಬಿರುದು ಮುಗಿಯುತ್ತಲೇ ಯಾರು, ಯಾರಿಗೆ, ಯಾವ ತಿಥಿಯಂದು, ಎಷ್ಟು ಮತ್ತರು ಭೂಮಿ ಕೊಟ್ಟರು, ಅದರ ಎಲ್ಲೆ ಯಾವ ಹಳ್ಳದಿಂದ ಯಾವ ಹುಣಸೆಮರದವರೆಗೆ ಎಂದು ಒಪ್ಪಿಸಿಬಿಡುತ್ತಾನೆ. ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ. ಅಭಿಮಾನಿ ಬರೆದ ಕ್ಲಬ್ ಲೇಖನದಲ್ಲಿ ಬಿರುದು ಮುಗಿದ ಮೇಲೆ ಸಿಗುವುದು ಇನ್ನೊಂದು ಬಿರುದು. ಶಾಪ ಮಾತ್ರ ಉಳಿದುಕೊಂಡಿದೆ: ‘ಐತಿಹಾಸಿಕ’ ಎಂಬ ಪದವನ್ನು ಅಳಿಸಿ ನೋಡಿ, ಚರ್ಚೆಪುಟದಲ್ಲಿ ಕವಿಲೆಗಿಂತ ದೊಡ್ಡ ಪ್ರಾಣಿಯನ್ನೇ ಕೊಂದ ಪಾಪ ಸುತ್ತಿಕೊಳ್ಳುತ್ತದೆ.

ತಿದ್ದಲು ಕೂತವರು ಮೊದಲು ಲೇಖನ ಓದಬಾರದು, ಅದರ ‘ಇತಿಹಾಸ’ ಓದಬೇಕು. ಪುಟದ ನೆತ್ತಿಯ ಮೇಲಿನ ಆ ಗುಂಡಿ ಒತ್ತಿದರೆ ಯಾವ ವಿಶೇಷಣ ಯಾವತ್ತು ಯಾರ ಖಾತೆಯಿಂದ ಬಂತು ಎಂಬುದೆಲ್ಲ ಸಾಲಾಗಿ ಇರುತ್ತದೆ. ಹುಟ್ಟಿದಂದಿನಿಂದ ಒಂದೇ ಕ್ಲಬ್ಬಿನ ಪುಟ ಬಿಟ್ಟು ಬೇರೇನನ್ನೂ ಮುಟ್ಟದ ಖಾತೆ ಕಂಡರೆ ಚರ್ಚೆಪುಟದಲ್ಲಿ ವಿನಯದಿಂದ ವಿಚಾರಿಸಿ: ಇದಕ್ಕೆ ದುಡ್ಡು ಬರುತ್ತದೆಯೇ? ದುಡ್ಡು ಪಡೆದು ಬರೆಯುವವರು ಯಾರಿಗಾಗಿ ಬರೆಯುತ್ತಿದ್ದೇವೆಂದು ಬಹಿರಂಗಪಡಿಸಬೇಕು, 2014ರಿಂದಲೂ ವಿಕಿಮೀಡಿಯದ ನಿಯಮ ಅದು. ಆಟಗಾರನಿಗೆ ಸಂಬಳವಿಲ್ಲದೆ ಅವನನ್ನು ಹೊಗಳುವವನಿಗೆ ಇದ್ದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲ.

ಆಮೇಲೆ ಪೀಠಿಕೆ. “ಇದು ಬರೀ ಕ್ಲಬ್ ಅಲ್ಲ, ಒಂದು ಭಾವನೆ” ಎಂದಿದ್ದರೆ ಭಾವನೆಗೆ ಸ್ಥಾಪನೆಯ ದಿನಾಂಕ ಇಲ್ಲ, ಮೈದಾನವೂ ಇಲ್ಲ, ಆದ್ದರಿಂದ ಕತ್ತರಿ. ಉಳಿಯಬೇಕಾದ್ದು ಇಷ್ಟು: “ಬೆಂಗಳೂರು ಎಫ್‌ಸಿ ಬೆಂಗಳೂರಿನ ವೃತ್ತಿಪರ ಫುಟ್‌ಬಾಲ್ ಕ್ಲಬ್. ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಇದನ್ನು ಕಟ್ಟಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೊಮ್ಮೆ ಗೆದ್ದಿತು. 2017ರಲ್ಲಿ ಐಎಸ್‌ಎಲ್‌ಗೆ ಸೇರಿ 2018–19ರಲ್ಲಿ ಅದನ್ನೂ ಗೆದ್ದಿತು.” ಹುಟ್ಟಿದ ವರ್ಷವೇ ರಾಷ್ಟ್ರೀಯ ಲೀಗ್ ಗೆದ್ದವರಿಗೆ ‘ದಿಗ್ಗಜ’ ಅಂತ ಹಣೆಪಟ್ಟಿ ಏಕೆ? 2016ರ ನವೆಂಬರ್ 5ರಂದು ದೋಹಾದಲ್ಲಿ ಇವರು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿದರು. ಅದಕ್ಕೆ ಮುಂಚೆ ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಮುಟ್ಟಿರಲಿಲ್ಲ, 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ನಲ್ಲೇ ನಿಂತಿದ್ದವು. ಇದನ್ನು ಹೀಗೇ ಬರೆದರೆ ಓದುಗ ತಾನಾಗಿ ಹುಬ್ಬೇರಿಸುತ್ತಾನೆ. ‘ಕೆಚ್ಚೆದೆಯ ಹೋರಾಟ ನೀಡಿ ಕೋಟ್ಯಂತರ ಹೃದಯ ಗೆದ್ದಿತು’ ಎಂದು ಬರೆದಿರೋ, ಫೈನಲ್‌ನಲ್ಲಿ ಏನಾಯಿತು ಎಂಬುದನ್ನು ಇರಾಕಿನವರ ಪುಟಕ್ಕೆ ಹೋಗಿ ತಿಳಿಯಬೇಕು. 0–1. ಇರಾಕಿನ ಏರ್‌ಫೋರ್ಸ್ ಕ್ಲಬ್ ಗೆದ್ದಿತು, ಹಮ್ಮಾದಿ ಅಹ್ಮದ್ ಗೋಲು ಹೊಡೆದ.

ಸೋಲಿನ ವಿಷಯದಲ್ಲಂತೂ ಈ ಲೇಖನಗಳು ಮದುವೆ ಮಾತುಕತೆಗೆ ಕೂತ ಹುಡುಗನ ಕಡೆಯವರಂತೆ. ಗೆದ್ದದ್ದಕ್ಕೆ ದಿನ, ಮೈದಾನ, ನಿಮಿಷ ಎಲ್ಲವೂ ಉಂಟು: 2019ರ ಮಾರ್ಚ್ 17, ಮುಂಬೈ, ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆಯ ಹೆಡರ್. ಸೋತದ್ದಕ್ಕೆ ‘ಕೂದಲೆಳೆಯಲ್ಲಿ ಪ್ರಶಸ್ತಿ ತಪ್ಪಿತು’. ಐಎಸ್‌ಎಲ್ ಫೈನಲ್‌ಗಳಲ್ಲಿ ತಪ್ಪಿದ ಆ ಕೂದಲೆಳೆಗಳು ಮೂರು. 2018ರಲ್ಲಿ ತಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್‌ಗೆ 2–3. 2023ರಲ್ಲಿ ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ. 2025ರಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 1–2. ಗೆಲುವಿಗೆ ಕೊಟ್ಟ ವಿವರಗಳನ್ನೇ ಸೋಲಿಗೂ ಕೊಡಿ, ವಿಕಿಪೀಡಿಯದ ತಟಸ್ಥ ನೀತಿಯಲ್ಲಿ ಅರ್ಧ ಅಲ್ಲಿಗೇ ಪಾಲನೆಯಾಯಿತು.

ಊದಿದ ಹೊಟ್ಟೆ ಇಳಿಸುವುದು ಇನ್ನೊಂದು ಕೆಲಸ. ಐ-ಲೀಗಿನ ನಾಲ್ಕು ಋತುಗಳಿಗೆ ನಾಲ್ಕು ಸಾಲು, ಕಳೆದ ಋತುವಿಗೆ ಪಂದ್ಯಕ್ಕೊಂದು ಸಾಲು. ಪಂದ್ಯ ಮುಗಿದ ಕೂಡಲೇ ಫೋನಿನಲ್ಲಿ ಒಂದೊಂದು ವಾಕ್ಯ ಅಂಟಿಸಿ ಹೋದರೆ ಇನ್ನೇನಾಗುತ್ತದೆ? ಆ ವಿವರಕ್ಕೆ ಆಯಾ ಋತುವಿನದೇ ಪುಟವಿರುತ್ತದೆ, ಅಲ್ಲಿಗೆ ಸಾಗಿಸಿ. ಸಾಗಿಸುವಾಗ ಯಾವ ಪುಟದಿಂದ ತಂದದ್ದೆಂದು ಸಂಪಾದನೆಯ ಸಾರಾಂಶದಲ್ಲಿ ಬರೆಯಲೇಬೇಕು, ಮೂಲ ಬರೆದವರ ಹೆಸರು ಉಳಿಯಬೇಕೆಂದು ವಿಕಿಪೀಡಿಯದ ಪರವಾನಗಿಯೇ ಹೇಳುತ್ತದೆ. ಮುಖ್ಯ ಪುಟದಲ್ಲಿ ಋತುವಿನ ಲೆಕ್ಕ ಬಿಟ್ಟು ತರಬೇತುದಾರರ ಲೆಕ್ಕ ಹಿಡಿಯಿರಿ. ವೆಸ್ಟ್‌ವುಡ್‌ಗೆ ಒಂದು ಪ್ಯಾರಾ, ರೋಕಾಗೆ ಒಂದು, ಕ್ವಾಡ್ರಟ್‌ಗೆ ಒಂದು. ಬೆಳವಣಿಗೆ ಏನೆಂದು ಕಾಣುತ್ತದೆ.

ಕತ್ತರಿಸುವಾಗ ಎಲ್ಲರೂ ಬೀಳುವ ಹಳ್ಳ ಒಂದಿದೆ. ಒಂದೇ ಉಲ್ಲೇಖವನ್ನು, ಅಂದರೆ ಆಧಾರದ ಅಡಿಟಿಪ್ಪಣಿಯನ್ನು, ಹತ್ತು ಕಡೆ ಬಳಸಲು ಅದಕ್ಕೊಂದು ಹೆಸರಿಟ್ಟು, ಪೂರ್ತಿ ವಿವರವನ್ನು ಒಂದೇ ಕಡೆ ಬರೆದಿರುತ್ತಾರೆ. ವಿವರವಿದ್ದ ಆ ಪ್ಯಾರಾವನ್ನೇ ನೀವು ಹಾರಿಸಿದರೆ ಉಳಿದ ಒಂಬತ್ತು ಉಲ್ಲೇಖಗಳು ಅನಾಥ, ಪುಟದ ಬುಡದಲ್ಲಿ ಕೆಂಪು ಅಕ್ಷರದ ದೋಷಸಂದೇಶಗಳ ಜಾತ್ರೆ. ಇಂಗ್ಲಿಷ್ ವಿಕಿಪೀಡಿಯದಲ್ಲಾದರೆ ಅನೊಮಿಬಾಟ್ ಎಂಬ ತಂತ್ರಾಂಶ ಹಳೆಯ ಆವೃತ್ತಿಗಳಲ್ಲಿ ಹುಡುಕಿ ವಿವರ ತಂದು ಅಂಟಿಸುತ್ತದೆ. ಕನ್ನಡದಲ್ಲಿ ಅದಕ್ಕಾಗಿ ಕಾಯಬೇಡಿ, ಉಳಿಸುವ ಮುನ್ನ ಮುನ್ನೋಟ ತೆಗೆದು ಬುಡದವರೆಗೆ ಇಳಿದು ನೋಡಿ. ‘ಸದ್ಯ’, ‘ಇತ್ತೀಚೆಗೆ’ ಎಂಬವನ್ನೂ ಹುಡುಕಿ ತೆಗೆಯಿರಿ. ಭಾರತದ ಫುಟ್‌ಬಾಲ್‌ನಲ್ಲಿ ‘ಸದ್ಯದ ತರಬೇತುದಾರ’ನ ಆಯಸ್ಸು ಎಷ್ಟೆಂದು ದೇವರಿಗೂ ಗೊತ್ತಿಲ್ಲ. ‘2025ರ ಆಗಸ್ಟ್‌ನಲ್ಲಿ ಇದ್ದಂತೆ’ ಎಂದು ಬರೆದರೆ ಹಳತಾದರೂ ಸುಳ್ಳಾಗುವುದಿಲ್ಲ.

ತಟಸ್ಥ ಭಾಷೆಯ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬೇಕೆಂದರೆ 2023ರ ಮಾರ್ಚ್ 3ರ ಫ್ರೀಕಿಕ್ ಇದೆ. ಬೆಂಗಳೂರಿನವರ ಪ್ರಕಾರ ಅದು ತಮ್ಮ ಆಟಗಾರ ಸುನಿಲ್ ಚೆಟ್ರಿಯ ಚಾಣಾಕ್ಷತನ, ಕೊಚ್ಚಿಯವರ ಪ್ರಕಾರ ಹಗಲುದರೋಡೆ. (ರಾತ್ರಿ ನಡೆದದ್ದು, ಇರಲಿ.) ಎರಡೂ ಕಡೆಯ ಅಭಿಮಾನಿಗಳನ್ನು ಒಂದೇ ಪುಟಕ್ಕೆ ಬಿಟ್ಟರೆ ಇಂಗ್ಲಿಷ್ ವಿಕಿಪೀಡಿಯದ ನಿಯಮ, ಅಂದರೆ 24 ಗಂಟೆಯಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿಯನ್ನು ರದ್ದುಮಾಡುವಂತಿಲ್ಲ ಎಂಬುದು, ಮೊದಲ ಕಾಲು ಗಂಟೆಯಲ್ಲೇ ಮುರಿದುಬೀಳುತ್ತದೆ. ಬರೆಯಬೇಕಾದ್ದು ಹೀಗೆ: ಪ್ಲೇಆಫ್ 0–0 ಇದ್ದಾಗ, ಹೆಚ್ಚುವರಿ ಸಮಯದಲ್ಲಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವ ಮುನ್ನವೇ ಚೆಟ್ರಿ ಫ್ರೀಕಿಕ್ ಹೊಡೆದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಪಂದ್ಯ ಬೆಂಗಳೂರಿಗೆ ಹೋಯಿತು. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ ₹4 ಕೋಟಿ ದಂಡ ಹಾಕಿತು, ತರಬೇತುದಾರನಿಗೆ 10 ಪಂದ್ಯ ನಿಷೇಧ ವಿಧಿಸಿತು. ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ. ‘ವಿವಾದಾತ್ಮಕ’ ಎಂಬ ಪದ ಎಲ್ಲೂ ಬೇಕಾಗಲಿಲ್ಲ, ವಿವಾದ ತಾನೇ ಕಾಣುತ್ತಿದೆ.

ಈ ಫ್ರೀಕಿಕ್ಕಿನ ಮಾತು ಬಂದದ್ದರಿಂದ ಇನ್ನೊಂದು. ಮಾರನೆಯ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. 54 ವರ್ಷದ ಬರ ನೀಗಿದ ದಿನವೂ ಊರಿನ ಫುಟ್‌ಬಾಲ್ ಪಂಡಿತರು ಗೋಡೆ ಕಟ್ಟಿತ್ತೇ ಇಲ್ಲವೇ ಎಂದು ವಿಡಿಯೊ ಹಿಂದೆ ಮುಂದೆ ಓಡಿಸುತ್ತಿದ್ದರು. ಕ್ಲಬ್ಬಿನ ಲೇಖನಗಳಲ್ಲಿ ‘ನಗರಕ್ಕೆ ಫುಟ್‌ಬಾಲ್ ಸಂಸ್ಕೃತಿ ತಂದ’ ಎಂಬ ಮಾತು ಕಂಡರೆ ದಯವಿಟ್ಟು ಕನಿಕರವಿಲ್ಲದೆ ಅಳಿಸಿ. ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ತಂದದ್ದು 1937ರಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಆ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ.

ಸಂಬಳದ ವಾಕ್ಯ ಎಲ್ಲಿ ಹೋಗಬೇಕು? ‘ವಿವಾದಗಳು’ ಎಂಬ ಉಗ್ರಾಣಕ್ಕೆ ತಳ್ಳುವುದು ರೂಢಿ. ಬೇಡ. ‘ಮಾಲೀಕತ್ವ ಮತ್ತು ಹಣಕಾಸು’ ವಿಭಾಗದಲ್ಲಿ, ಮಾಲೀಕರ ಹೆಸರಿನ ಪಕ್ಕದಲ್ಲೇ ಬರಬೇಕು, ಕಾರಣದ ಸಮೇತ. ಐಎಸ್‌ಎಲ್ ನಿಂತಿದ್ದದ್ದು ಎಐಎಫ್‌ಎಫ್ 2010ರಲ್ಲಿ ಮಾಡಿಕೊಂಡ 15 ವರ್ಷದ, ₹700 ಕೋಟಿಯ ಒಪ್ಪಂದದ ಮೇಲೆ. ಅದು ಮುಗಿಯುವ ದಿನ 2025ರ ಡಿಸೆಂಬರ್ 8. ಹೊಸದು ಆಗಲಿಲ್ಲ, ಸುಪ್ರೀಂ ಕೋರ್ಟಿನಲ್ಲಿ ಫೆಡರೇಷನ್‌ನ ಸಂವಿಧಾನದ ವ್ಯಾಜ್ಯ ಬಾಕಿಯಿತ್ತು, ಜುಲೈನಲ್ಲಿ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿ ಋತುವನ್ನು ತಡೆಹಿಡಿಯಿತು. ಕೊನೆಯ ತಾರೀಖು ಮೊದಲ ದಿನದಿಂದಲೇ ಕಾಗದದಲ್ಲಿತ್ತು! ಹದಿನೈದು ವರ್ಷ. ಇಷ್ಟು ದೊಡ್ಡ ಮನುಷ್ಯರಲ್ಲಿ ಒಬ್ಬರೂ ಕ್ಯಾಲೆಂಡರ್ ನೋಡಲಿಲ್ಲ. ಕೊನೆಗೆ ಕೈ ಬಿದ್ದದ್ದು ಮಸಾಜು ಮಾಡುವವನ, ಕಿಟ್ ಹೊರುವವನ ತಿಂಗಳ ಖರ್ಚಿನ ಮೇಲೆ. ಇದನ್ನು ‘ಸ್ಥಗಿತಗೊಳಿಸಲಾಯಿತು’ ಎಂದು ಬರೆಯುವುದು ಶೈಲಿಯ ದೋಷವಲ್ಲ, ಹೇಡಿತನ. ಕ್ಲಬ್ಬು ನಿಲ್ಲಿಸಿತು. ಹಾಗೆ ಬರೆಯಿರಿ. ಯುವ ತಂಡಗಳಿಗೂ ಫುಟ್‌ಬಾಲ್ ಶಾಲೆಗಳಿಗೂ ಇದು ತಗಲದೆಂದು ಅದೇ ಪ್ರಕಟಣೆಯಲ್ಲಿತ್ತು, ಅದನ್ನೂ ಬಿಡದೆ ಬರೆಯಿರಿ.

ಉಲ್ಲೇಖ ಕೊಟ್ಟರಾಯಿತಲ್ಲ ಎನ್ನುವವರಿಗೆ ಸೈಪ್ರಸ್‌ನ ಒಮೋನಿಯಾ ಕ್ಲಬ್ಬಿನ ಕಥೆ ಹೇಳಬೇಕು. 2008ರ ಸೆಪ್ಟೆಂಬರ್‌ನಲ್ಲಿ ಅವರ ವಿಕಿಪೀಡಿಯ ಪುಟದೊಳಗೆ ಯಾವನೋ ಪೋಕರಿ ನುಗ್ಗಿ, ಈ ತಂಡದ ಕಟ್ಟಾ ಅಭಿಮಾನಿಗಳು ಬಿಸಾಡಿದ ಬೂಟುಗಳಿಂದ ಮಾಡಿದ ಟೋಪಿ ಧರಿಸುತ್ತಾರೆ, ಪುಟ್ಟ ಆಲೂಗಡ್ಡೆಯ ಮೇಲೊಂದು ಹಾಡು ಹಾಡುತ್ತಾರೆ ಎಂದು ಬರೆದ. ಮ್ಯಾಂಚೆಸ್ಟರ್ ಸಿಟಿ ಜೊತೆ ಅವರ ಪಂದ್ಯವಿತ್ತು. ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆ ಪಂದ್ಯದ ಮುನ್ನೋಟದಲ್ಲಿ ಆ ಅಭಿಮಾನಿಗಳನ್ನು ಹಾಗೇ ಅಚ್ಚು ಹಾಕಿತು. ಮುಂದಿನ ಹೆಜ್ಜೆ ಊಹಿಸುವುದು ಸುಲಭ: ಪತ್ರಿಕೆಯಲ್ಲೇ ಬಂದಿದೆಯಲ್ಲ ಎಂದು ಅದನ್ನೇ ಉಲ್ಲೇಖವಾಗಿ ಅಂಟಿಸಿದರೆ ಬೂಟಿನ ಟೋಪಿ ಸಪ್ರಮಾಣವಾಗಿಬಿಡುತ್ತದೆ.

ಇದಕ್ಕೆ ಔಷಧಿ ಇತಿಹಾಸದ ಗುಂಡಿಯೇ. ಅನುಮಾನದ ವಾಕ್ಯ ಪುಟಕ್ಕೆ ಸೇರಿದ ತಾರೀಖು ಹುಡುಕಿ, ಉಲ್ಲೇಖದ ಪತ್ರಿಕೆ ಬಂದ ತಾರೀಖಿನ ಪಕ್ಕ ಇಡಿ. ಪತ್ರಿಕೆ ಈಚಿನದಾಗಿದ್ದು ಮಾತು ಅಕ್ಷರಶಃ ಒಂದೇ ಆಗಿದ್ದರೆ ವಾಕ್ಯವನ್ನು ತೆಗೆದುಹಾಕಿ, ಕಾರಣವನ್ನು ಚರ್ಚೆಪುಟದಲ್ಲಿ ಬರೆಯಿರಿ. ಕ್ಲಬ್ಬಿನ ಸ್ವಂತ ಜಾಲತಾಣವನ್ನು ಜೆರ್ಸಿ ಸಂಖ್ಯೆಗೆ, ಒಪ್ಪಂದದ ದಿನಾಂಕಕ್ಕೆ ನಂಬಬಹುದು. ಅಲ್ಲಿಂದ ವಿಶೇಷಣ ತರಬೇಡಿ, ಅವರ ಹತ್ತಿರ ದಾಸ್ತಾನು ಜಾಸ್ತಿ ಇರುತ್ತದೆ.