ಸಸ್ಪೆನ್ಸ್ ಖಾತೆ

ಬಿ.ಕಾಂ ಮೂರು ವರ್ಷದಲ್ಲಿ ಕಲಿತದ್ದರಲ್ಲಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ, ಸಸ್ಪೆನ್ಸ್ ಖಾತೆ. ಎಲ್ಲ ಖಾತೆಗಳ ಮೊತ್ತ ತಾಳೆ ನೋಡುವ ಪಟ್ಟಿಯಾದ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಡೆಬಿಟ್ಟೂ ಕ್ರೆಡಿಟ್ಟೂ ತಾಳೆ ಆಗಲಿಲ್ಲವೋ, ಎಷ್ಟು ಕಡಿಮೆ ಬಿತ್ತೋ ಅಷ್ಟನ್ನು ಸಸ್ಪೆನ್ಸ್ ಎಂದು ಬರೆದರೆ ಆಯಿತು, ಎರಡೂ ಕಡೆ ಸಮ. ಆಮೇಲೆ ತಪ್ಪು ಹುಡುಕಿ ಸರಿ ಮಾಡಬೇಕು ಎಂದು ಮೇಷ್ಟ್ರು ಹೇಳಿದ್ದರು. ಆ ‘ಆಮೇಲೆ’ ನನ್ನ ಪಾಲಿಗೆ ಬರಲೇ ಇಲ್ಲ.

ಡಿಗ್ರಿ ಮುಗಿಸಿ ದಾವಣಗೆರೆಯಲ್ಲಿ ಆಡಿಟರ್ ಆಫೀಸೊಂದರಲ್ಲಿ ಒಂದು ವರ್ಷ ಜಿಎಸ್‌ಟಿ ರಿಟರ್ನ್ ತುಂಬಿದೆ. ಬೇಸರವಾಯಿತು. ಬೆಂಗಳೂರಿಗೆ ಹೋಗಿ ಡೇಟಾ ಅನಾಲಿಟಿಕ್ಸ್ ಕಲಿಯುತ್ತೇನೆ ಎಂದೆ.

“ಈಗ ಲೆಕ್ಕ ಬರಿತೀಯ, ಆಮೇಲೆ ಲೆಕ್ಕ ನೋಡ್ತೀಯ. ಏನಪಾ ವ್ಯತ್ಯಾಸ?” ಎಂದರು ಅಪ್ಪ.

“ಸಂಬಳ.”

ಅಪ್ಪ ಸುಮ್ಮನೆ ಫೀಸು ಕಟ್ಟಿದರು.

ಐದು ತಿಂಗಳ ಕೋರ್ಸ್. ಬೆಳಗ್ಗೆ 9ರಿಂದ ಸಂಜೆ 6. ಬಿಟಿಎಂ ಲೇಔಟಿನ ಪಿಜಿಯಲ್ಲಿ ಮೂವರಿಗೆ ಒಂದು ರೂಮು. ಮಿಕ್ಕ ಇಬ್ಬರೂ ಇಂಜಿನಿಯರುಗಳು. ಪೈಥಾನ್ ಎಂದರೆ ಹಾವು ಎಂದುಕೊಂಡು ಬಂದವನು ನಾನೊಬ್ಬನೇ. ಅದು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವ ಭಾಷೆ, ಅದಕ್ಕೂ ಹಾವಿಗೂ ಸಂಬಂಧವಿಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ನೆನಪಿಗೆ ಇಟ್ಟ ಹೆಸರು ಎಂದು ಮೊದಲ ದಿನವೇ ಹೇಳಿದರು. ಮುಂದಿನ ಮೂರು ವಾರ ನನಗಂತೂ ಅದರಲ್ಲಿ ಒಂದು ಚೂರೂ ಹಾಸ್ಯ ಕಾಣಲಿಲ್ಲ.

ಎಕ್ಸೆಲ್ ಮಾತ್ರ ನಮ್ಮದೇ ಅಂಗಳ ಎಂದು ಧೈರ್ಯವಾಗಿದ್ದೆ. ಅಲ್ಲೂ ಒಂದು ವಿಚಿತ್ರ. 1900ರ ಫೆಬ್ರವರಿಗೆ ಇದ್ದದ್ದು 28 ದಿನ. ಎಕ್ಸೆಲ್ ಮಾತ್ರ 29 ಎನ್ನುತ್ತದೆ. ಅದಕ್ಕಿಂತ ಮೊದಲಿದ್ದ ಲೋಟಸ್ 1-2-3 ಎಂಬ ಸಾಫ್ಟ್‌ವೇರ್ ಮಾಡಿದ ತಪ್ಪು ಅದು. ಅದರ ಫೈಲುಗಳು ಇದರಲ್ಲೂ ಸರಿಯಾಗಿ ತೆರೆಯಲಿ ಎಂದು ತಪ್ಪನ್ನು ಹಾಗೇ ಉಳಿಸಿಕೊಂಡರಂತೆ. ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಮೈಕ್ರೋಸಾಫ್ಟು ಕೂಡ ಒಂದು ಇಡೀ ದಿನವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಆರಾಮಾಗಿದೆಯಲ್ಲ!

ಎಸ್‌ಕ್ಯೂಎಲ್ ಎಂಬ, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ ಕಲಿಯುವಾಗ 1,200 ಗ್ರಾಹಕರ ಪಟ್ಟಿಗೂ 900 ಆರ್ಡರುಗಳ ಪಟ್ಟಿಗೂ ಗಂಟು ಹಾಕಬೇಕಿತ್ತು. ಯಾರದ್ದು ಯಾರಿಗೆ ಎಂದು ಹೇಳುವ ಷರತ್ತನ್ನೇ ಬರೆಯದೆ ಬಟನ್ ಒತ್ತಿದೆ. ಪ್ರತಿ ಗ್ರಾಹಕನಿಗೂ ಪ್ರತಿ ಆರ್ಡರನ್ನೂ ಕಟ್ಟಿ 10,80,000 ಸಾಲು ಬಂತು. ಲ್ಯಾಪ್‌ಟಾಪು ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನ ಹಾಗೆ ಗುರುಗುಟ್ಟಿತು. ಅಭ್ಯಾಸಕ್ಕೆ ಕೊಟ್ಟಿದ್ದ ಪುಟ್ಟ ಅಂಗಡಿಯೊಂದು ಹತ್ತು ನಿಮಿಷದಲ್ಲಿ ಕೋಟಿಗಟ್ಟಲೆ ವ್ಯಾಪಾರ ಮಾಡಿತ್ತು.

ಇವೆಲ್ಲ ಸಣ್ಣವು. ಮಾನ ಹೋದದ್ದು ಕೊನೆಯ ಪ್ರಾಜೆಕ್ಟಿನಲ್ಲಿ.

ದೇಶದ ಬೇರೆ ಬೇರೆ ಊರುಗಳಿಂದ ಬಂದ ಆನ್‌ಲೈನ್ ಆರ್ಡರುಗಳ ಪಟ್ಟಿ. ಮೊದಲು ಅದನ್ನು ಕ್ಲೀನ್ ಮಾಡಬೇಕು. ಈ ಕೆಲಸದಲ್ಲಿ ಅರ್ಧ ಆಯಸ್ಸು ಹೋಗುವುದು ಕ್ಲೀನಿಂಗಿಗೇ, ಥೇಟ್ ದೀಪಾವಳಿ ಹಿಂದಿನ ವಾರದ ಹಾಗೆ. ಬ್ಯಾಂಗಲೋರ್, ಬೆಂಗಳೂರು, ಬಿಎಲ್‌ಆರ್, ಕೊನೆಗೆ ಬರೀ ‘ಬಿ’ ಎಂದು ಬರೆದ ಪುಣ್ಯಾತ್ಮರೂ ಇದ್ದರು. ನಮ್ಮೂರನ್ನು ಡಿವಿಜಿ ಎಂದು ಬರೆದಿದ್ದರು. ಕವಿಗಳಲ್ಲ, ರೈಲ್ವೆ ಕೋಡು. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ನಾನು ಆ ಪಟ್ಟಿ ಹಿಡಿದು ಕೂತೆ. ಶಿಮೋಗಾ ಕಂಡಲ್ಲೆಲ್ಲ ಶಿವಮೊಗ್ಗ, ಗುಲ್ಬರ್ಗಾ ಕಂಡಲ್ಲೆಲ್ಲ ಕಲಬುರಗಿ, ಬಿಜಾಪುರ ಕಂಡಲ್ಲೆಲ್ಲ ವಿಜಯಪುರ. ರಾಜ್ಯೋತ್ಸವ ಪ್ರಶಸ್ತಿ ನನಗೇ ಕೊಡಬೇಕು ಎನ್ನುವಷ್ಟು ಹುರುಪು.

ಒಟ್ಟು ಕೂಡಿಸಿದರೆ 43 ಆರ್ಡರ್ ಕಡಿಮೆ. ಊರಿನ ಜಾಗ ಖಾಲಿ ಇದ್ದವು ಅವು. ರಾತ್ರಿ ಎರಡು ಗಂಟೆ. ಕೈ ತಾನಾಗಿಯೇ ‘ಸಸ್ಪೆನ್ಸ್’ ಎಂದು ಟೈಪ್ ಮಾಡಿತು.

ಮರುದಿನ ಎಲ್ಲರ ಮುಂದೆ ನಿಂತು ಗಂಭೀರವಾಗಿ ಹೇಳಿದೆ. “ಮುಖ್ಯವಾಗಿ ಕಂಡುಬಂದ ಅಂಶ, ವಿಜಯಪುರದ ಜನ ರೇನ್‌ಕೋಟ್ ತುಂಬಾ ಜಾಸ್ತಿ ಕೊಳ್ಳುತ್ತಾರೆ.”

ಹಿಂದಿನ ಬೆಂಚಿನಲ್ಲಿ ಇಂಡಿ ಕಡೆಯ ಹುಡುಗನೊಬ್ಬ ಎದ್ದು ನಿಂತ. “ನಮ್ಮ ಕಡಿ ಮಳಿನ ಬರಂಗಿಲ್ಲ. ರೇನ್‌ಕೋಟ್ ಯಾರ್ ತಗೋತಾರಪಾ?”

ಛತ್ತೀಸಗಢದಲ್ಲೂ ಒಂದು ಬಿಜಾಪುರ ಇದೆ. ಕಾಡು, ಮಳೆ ಎಲ್ಲ ಇರುವ ಜಿಲ್ಲೆ. ಆ ಊರಿನವರನ್ನೆಲ್ಲ ನಾನು ರಾತ್ರೋರಾತ್ರಿ ಕರ್ನಾಟಕಕ್ಕೆ ಸೇರಿಸಿಬಿಟ್ಟಿದ್ದೆ.

ಮಾತು ಮರೆಸಲು ಬೇಗ ಬೇಗ ಪವರ್ ಬಿಐ ಎಂಬ ಗ್ರಾಫ್ ಬಿಡಿಸುವ ಸಾಫ್ಟ್‌ವೇರಿನ ಮ್ಯಾಪ್ ತೆರೆದೆ. ಭಾರತ ಚಿಕ್ಕದಾಗಿ ಒಂದು ಮೂಲೆಗೆ ಹೋಗಿತ್ತು. ಪ್ರಪಂಚದ ಆ ಬದಿಯಲ್ಲಿ, ಅಮೆರಿಕದಲ್ಲೆಲ್ಲೋ ಒಂದು ಚುಕ್ಕೆ. ಹೆಸರು ಕೊಟ್ಟರೆ ಅಂಥ ಊರು ಎಲ್ಲಿದೆ ಎಂದು ತಾನೇ ಹುಡುಕುತ್ತದೆ ಆ ಮ್ಯಾಪು. ಪಾಪ, ಸಸ್ಪೆನ್ಸ್ ಎಂಬ ಊರನ್ನೂ ಹುಡುಕಿತ್ತು.

“ಇದ್ಯಾವ ಊರು?” ಎಂದರು ಸರ್.

“ಬಿ.ಕಾಂ, ಸರ್” ಎಂದೆ. ಬೇರೆ ಏನು ಹೇಳಬೇಕೋ ತೋಚಲಿಲ್ಲ.

ಆದರೂ ಎರಡು ತಿಂಗಳು ಅಲೆದಾಡಿ, ಒಂಬತ್ತನೇ ಇಂಟರ್‌ವ್ಯೂನಲ್ಲಿ ಕೆಲಸ ಸಿಕ್ಕಿತು. ಡೇಟಾ ಅನಲಿಸ್ಟ್. ಮೊದಲ ಸಂಬಳದ ಮೆಸೇಜ್ ಬಂದಾಗ ಮಾತ್ರ ಎದೆ ಧಸಕ್ಕೆಂದಿತು. ನನ್ನ ಲೆಕ್ಕಕ್ಕಿಂತ 200 ರೂಪಾಯಿ ಕಡಿಮೆ! ಈ ಸಲ ಸಸ್ಪೆನ್ಸಿಗೆ ಹಾಕಬಾರದು ಎಂದು ಹಟ ಹಿಡಿದೆ. ಬೇಸಿಕ್, ಎಚ್‌ಆರ್‌ಎ, ಪಿಎಫ್ ಎಲ್ಲ ಬಿಡಿಸಿ ಶೀಟ್ ಮಾಡಿದೆ. ಪಿವಟ್ ಹಾಕಿದೆ. ಒಂದು ಗ್ರಾಫೂ ಬರೆದೆ. ಬೆಳಗ್ಗೆ ಅದನ್ನೆಲ್ಲ ಹಿಡಿದು ಎಚ್‌ಆರ್ ಮೇಡಂ ಎದುರು ಕೂತೆ.

ಅವರು ಗ್ರಾಫನ್ನು ಪೂರ್ತಿ ನೋಡಿದರು. ಆಮೇಲೆ ನನ್ನ ಫೈಲು ತೆರೆದು ನೋಡಿದರು.

“ಪ್ರೊಫೆಷನಲ್ ಟ್ಯಾಕ್ಸ್ ಅದು” ಎಂದರು. “ಬಿ.ಕಾಂ ಅಲ್ವಾ ನೀವು?”