ಹೊಸ ಕೃತಿಯನ್ನು ಎರಡನೇ ಸಲ ನುಡಿಸುವವರು ಯಾರು?

1992ರ ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 757ನೇ ನಿರ್ಣಯ ಅಂಗೀಕರಿಸಿತು. ಸೆರ್ಬಿಯಾ ಮತ್ತು ಮಾಂಟೆನೆಗ್ರೊ ಮಾತ್ರ ಉಳಿದಿದ್ದ ಆಗಿನ ಯುಗೊಸ್ಲಾವಿಯಾದ ಮೇಲೆ ದಿಗ್ಬಂಧನ. ವ್ಯಾಪಾರ, ವಿಮಾನ ಸಂಚಾರ ಬಂದ್. ಕ್ರೀಡೆ ಮತ್ತು ಸಾಂಸ್ಕೃತಿಕ ವಿನಿಮಯವನ್ನೂ ಆ ಪಟ್ಟಿಗೆ ಸೇರಿಸಿದ್ದರು. ಅದೇ ವರ್ಷ ಸೆರ್ಬಿಯಾದ ಸಂಯೋಜಕರ ಸಂಘ ಒಂದು ಉತ್ಸವ ಶುರು ಮಾಡಿತು: ಅಂತರರಾಷ್ಟ್ರೀಯ ಸಂಯೋಜಕರ ವೇದಿಕೆ. ಅಲ್ಲಿಯವರು ಚುಟುಕಾಗಿ ‘ಟ್ರಿಬಿನಾ’ ಅನ್ನುತ್ತಾರೆ. ಬದುಕಿರುವ ಸಂಯೋಜಕರ ಕೃತಿಗಳನ್ನು ಜನರೆದುರು ನುಡಿಸುವುದೇ ಅದರ ಕೆಲಸ. ಮರುವರ್ಷ ಹಣದುಬ್ಬರ ಯಾವ ಮಟ್ಟಕ್ಕೆ ಹೋಯಿತೆಂದರೆ, ಡಿಸೆಂಬರ್ ಹೊತ್ತಿಗೆ 50,000 ಕೋಟಿ ದಿನಾರ್ ಮುಖಬೆಲೆಯ ನೋಟು ಅಚ್ಚಾಗಿತ್ತು. ಅಂಥ ಹೊತ್ತಿನಲ್ಲಿ, ಸುತ್ತ ಬಾಗಿಲುಗಳೆಲ್ಲ ಮುಚ್ಚಿದ್ದಾಗ, ಹಬ್ಬದ ಹೆಸರಿನಲ್ಲೇ ‘ಅಂತರರಾಷ್ಟ್ರೀಯ’ ಎಂದು ಬರೆದುಕೊಂಡವರ ಬಗ್ಗೆ ನನಗೆ ತುಂಬ ಗೌರವ ಇದೆ. ಆ ಗೌರವದಿಂದಲೇ ಈ ತಕರಾರು.

ತಕರಾರು ಟ್ರಿಬಿನಾ ಒಂದರ ಮೇಲಲ್ಲ. ಹೊಸ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ಹಬ್ಬಗಳು ಎಲ್ಲೆಲ್ಲಿ ನಡೆಯುತ್ತವೋ ಅಲ್ಲೆಲ್ಲ ಇರುವ ಕಾಯಿಲೆ ಇದು. ಹೊಸ ಕೃತಿಗೆ ಮೊದಲ ಪ್ರದರ್ಶನ ಸಿಗುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ಕಷ್ಟ ಇರುವುದು ಎರಡನೆಯದು. ‘ಜಗತ್ತಿನಲ್ಲೇ ಮೊದಲ ಪ್ರದರ್ಶನ’ ಎಂದು ಕಾರ್ಯಕ್ರಮಪಟ್ಟಿಯಲ್ಲಿ ಅಚ್ಚಾದರೆ ಅನುದಾನ ಕೊಡುವವರಿಗೆ ಖುಷಿ, ಪತ್ರಿಕೆಗೆ ಸುದ್ದಿ, ಆಯೋಜಕರಿಗೆ ಹೆಮ್ಮೆ. ಎರಡನೇ ಪ್ರದರ್ಶನಕ್ಕೆ ಆ ಯಾವ ಮೆರುಗೂ ಇಲ್ಲ. ಸಂಯೋಜಕಿ ಒಂದು ವರ್ಷ ಕೂತು ಬರೆದದ್ದನ್ನು ವಾದಕರು ಕೆಲವೇ ತಾಲೀಮಿನಲ್ಲಿ ಹೇಗೋ ಕೈಗೆ ಕೂರಿಸಿಕೊಂಡು ಒಂದು ಸಂಜೆ ನುಡಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಆ ಸ್ವರಲಿಪಿ ಕಪಾಟು ಸೇರುತ್ತದೆ. ಕೇಳಿದವರಿಗೂ ಅದು ದಕ್ಕಿರುವುದಿಲ್ಲ, ಯಾಕೆಂದರೆ ಪರಿಚಿತ ಧಾಟಿಯ ಆಸರೆಯಿಲ್ಲದ ಸಂಗೀತ ಮೊದಲ ಕೇಳಿಕೆಗೆ ಪೂರ್ತಿ ಸಿಗುವುದೇ ಇಲ್ಲ. ಎಲ್ಲಿ ಶುರುವಾಯಿತು, ಯಾವುದು ಮರಳಿ ಬಂತು ಎಂದು ಕಿವಿಗೆ ಗೊತ್ತಾಗುವಷ್ಟರಲ್ಲಿ ಮುಗಿದಿರುತ್ತದೆ.

ಈ ತಿಳಿವು ಹೊಸದೇನಲ್ಲ. 1918ರ ನವೆಂಬರ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದ ತಿಂಗಳಲ್ಲೇ, ವಿಯೆನ್ನಾದಲ್ಲಿ ಸಂಯೋಜಕ ಅರ್ನಾಲ್ಡ್ ಶೋನ್‌ಬರ್ಗ್ ಹೊಸ ಸಂಗೀತಕ್ಕಾಗಿ ಒಂದು ಖಾಸಗಿ ಸಂಘ ಕಟ್ಟಿದರು. ಅಲ್ಲಿ ಚಪ್ಪಾಳೆ ತಟ್ಟುವಂತಿರಲಿಲ್ಲ. ಪತ್ರಿಕಾ ವಿಮರ್ಶಕರಿಗೆ ಪ್ರವೇಶವಿರಲಿಲ್ಲ. ಸಾಕಷ್ಟು ತಾಲೀಮಾಗುವ ತನಕ ಕೃತಿ ವೇದಿಕೆ ಹತ್ತುತ್ತಿರಲಿಲ್ಲ, ಹತ್ತಿದ್ದನ್ನು ಬೇಕೆಂದೇ ಮತ್ತೆ ಮತ್ತೆ ನುಡಿಸುತ್ತಿದ್ದರು. ಸಂಘ ಬಾಳಿದ್ದು 1921ರವರೆಗೆ ಮಾತ್ರ. ಅಷ್ಟರಲ್ಲೇ ಅದು ಮಾಡಿದ ಕೆಲಸವನ್ನು ಸಂಗೀತದ ಇತಿಹಾಸಕಾರರು ಇನ್ನೂ ನೆನೆಯುತ್ತಾರೆ.

ಸೆರ್ಬಿಯಾದ ವಿಷಯದಲ್ಲಿ ನನಗೆ ಇದು ಇಷ್ಟು ಮುಖ್ಯ ಅನ್ನಿಸಲು ಕಾರಣ ಅಲ್ಲಿನ ಸಂಯೋಜಕಿ ಲ್ಯುಬಿತ್ಸಾ ಮಾರಿಚ್. 1909ರಲ್ಲಿ ಕ್ರಾಗುಯೆವಾತ್ಸ್ ಊರಿನಲ್ಲಿ ಹುಟ್ಟಿದವರು. ಬೆಲ್‌ಗ್ರೇಡಿನಲ್ಲಿ ಯೋಸಿಪ್ ಸ್ಲಾವೆನ್‌ಸ್ಕಿ ಅವರಲ್ಲಿ ಕಲಿತು ಪ್ರಾಗ್‌ಗೆ ಹೋದರು, ಅಲ್ಲಿ ಯೋಸೆಫ್ ಸುಕ್ ಅವರ ಶಿಷ್ಯೆಯಾದರು. 1933ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಹೊಸ ಸಂಗೀತೋತ್ಸವದಲ್ಲಿ ಅವರ ವಿಂಡ್ ಕ್ವಿಂಟೆಟ್ (ಐದು ಊದುವಾದ್ಯಗಳ ಕೃತಿ) ನುಡಿಸಿದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ. ಆ ಕಾಲದ ಅವರ ಕೃತಿಗಳಲ್ಲಿ ಕೆಲವು ಇವತ್ತು ಇಲ್ಲವೇ ಇಲ್ಲ, ಕಳೆದುಹೋಗಿವೆ. ಹತ್ತು ಊರಿನಲ್ಲಿ ನುಡಿಸಿದ್ದರೆ ಹತ್ತು ಕಡೆ ಪ್ರತಿ ಇರುತ್ತಿತ್ತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

1956ರಲ್ಲಿ ಅವರು ವೃಂದಗಾನ ಮತ್ತು ಆರ್ಕೆಸ್ಟ್ರಾಕ್ಕಾಗಿ ‘ಆಕಾಶದ ಹಾಡುಗಳು’ ಎನ್ನಬಹುದಾದ ಒಂದು ದೊಡ್ಡ ಕೃತಿ ಬರೆದರು. ಸಾಹಿತ್ಯ ಯಾವ ಕವಿಯದೂ ಅಲ್ಲ. ಬೋಸ್ನಿಯಾ, ಹರ್ಜೆಗೋವಿನಾದ ಗುಡ್ಡಗಳಲ್ಲಿ ನಿಂತಿರುವ ಮಧ್ಯಯುಗದ ಸಮಾಧಿಕಲ್ಲುಗಳ ಮೇಲಿನ ಶಾಸನದ ಸಾಲುಗಳು ಅವು. ಆ ಕಲ್ಲುಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2016ರಲ್ಲಿ. ಮಾರಿಚ್ ಅದಕ್ಕೆ ಅರವತ್ತು ವರ್ಷ ಮೊದಲೇ ಅವುಗಳ ಬಾಯಿ ಬಿಡಿಸಿದ್ದರು.

ಆಮೇಲೆ ಅವರು ಕೈಹಾಕಿದ್ದು ‘ಓಸ್ಮೊಗ್ಲಾಸ್ನಿಕ್’ಗೆ. ಸೆರ್ಬಿಯನ್ ಆರ್ಥೊಡಾಕ್ಸ್ ಚರ್ಚಿನ ಎಂಟು ಧಾಟಿಗಳ ಸಂಗ್ರಹ ಅದು. ವಾರಕ್ಕೊಂದು ಧಾಟಿ, ಎಂಟು ವಾರಕ್ಕೆ ಒಂದು ಸುತ್ತು. ಬಾಯಿಂದ ಬಾಯಿಗೆ ಬಂದಿದ್ದ ಈ ಹಾಡಿಕೆಯನ್ನು ಸೆರ್ಬಿಯಾದ ಸಂಯೋಜಕ ಸ್ತೆವಾನ್ ಮೋಕ್ರಾನ್ಯಾತ್ಸ್ ಕೇಳಿ ಕೇಳಿ ಸ್ವರಲಿಪಿಗೆ ಇಳಿಸಿ 1908ರಲ್ಲಿ ಪ್ರಕಟಿಸಿದರು. ಈ ಧಾಟಿಗಳನ್ನು ಬರೀ ಸ್ವರಗಳ ಏಣಿ ಎಂದುಕೊಳ್ಳಬೇಡಿ. ಆರೋಹಣ ಅವರೋಹಣಕ್ಕಿಂತ ಹೆಚ್ಚಾಗಿ, ಮರುಕಳಿಸುವ ಸಂಚಾರಗಳಿಂದ ಅವುಗಳ ಗುರುತು ಹತ್ತುತ್ತದೆ. ರಾಗ ಕೇಳಿ ಬೆಳೆದ ಕಿವಿಗೆ ಇದು ಬೇಗ ಒಗ್ಗುತ್ತದೆ, ನನಗೆ ಒಗ್ಗಿದ್ದೂ ಹಾಗೆಯೇ. ಮಾರಿಚ್ ಈ ಧಾಟಿಗಳ ಮೇಲೆ ಒಂದು ಕೃತಿಮಾಲೆಯನ್ನೇ ಬರೆಯಲು ಹೊರಟರು. 1959ರ ‘ಬೈಜಾಂಟೈನ್ ಕನ್ಸರ್ಟೊ’ ಅದರ ಒಂದು ಭಾಗ, ಪಿಯಾನೋ ಮತ್ತು ಆರ್ಕೆಸ್ಟ್ರಾಕ್ಕೆ. ಅದರಲ್ಲಿ ಪಿಯಾನೋ ಹಾಡುವುದಕ್ಕಿಂತ ಹೆಚ್ಚಾಗಿ ಮೊಳಗುತ್ತದೆ, ಚರ್ಚಿನ ಗಂಟೆಯ ಹಾಗೆ. ಮೊದಲ ಸಲ ಕೇಳಿದಾಗ ನನಗೆ ಸಿಕ್ಕಿದ್ದು ಬರೀ ಆ ನಾದ. ಇನ್ನಷ್ಟು ಸಲ ಕೇಳಿದ ಮೇಲೆ ನಾದದ ಅಡಿಯಲ್ಲಿ ಹಳೆಯ ಹಾಡಿಕೆ ನಿಧಾನವಾಗಿ ಸರಿಯುತ್ತಿರುವುದು ಕೇಳಿಸಿತು. ಈಗ ಅದು ನನಗೆ ಇಪ್ಪತ್ತನೇ ಶತಮಾನದ ಯಾವ ಪಿಯಾನೋ ಕನ್ಸರ್ಟೊಗೂ ಕಡಿಮೆಯದಲ್ಲ. ಆದರೆ ಯುರೋಪಿನ ದೊಡ್ಡ ಆರ್ಕೆಸ್ಟ್ರಾಗಳ ಋತುವಿನ ಪಟ್ಟಿ ತೆಗೆದು ನೋಡಿ: ಬಾರ್ಟೋಕ್ ಇರುತ್ತಾರೆ, ಪ್ರೊಕೊಫಿಯೆವ್ ಇರುತ್ತಾರೆ, ಮಾರಿಚ್ ಹೆಸರು ಸಿಗುವುದು ಅಪರೂಪ. 1960ರ ದಶಕದ ನಡುವಿನಿಂದ ಸುಮಾರು ಎರಡು ದಶಕ ಅವರು ಹೆಚ್ಚೇನೂ ಬರೆಯಲಿಲ್ಲ, ಆಮೇಲೆ ಮತ್ತೆ ಶುರು ಮಾಡಿದರು. 2003ರಲ್ಲಿ ತೀರಿಕೊಂಡಾಗ ಅವರಿಗೆ 94.

ಮೋಕ್ರಾನ್ಯಾತ್ಸ್ ಅವರ ಅದೃಷ್ಟ ಬೇರೆ. 50 ದಿನಾರ್ ನೋಟಿನ ಮೇಲೆ ಅವರ ಮುಖವಿದೆ. ಹುಟ್ಟೂರು ನೆಗೋಟಿನ್‌ನಲ್ಲಿ 1966ರಿಂದ ಅವರ ಹೆಸರಿನ ಉತ್ಸವ ನಡೆಯುತ್ತಿದೆ. ಜನಪದ ಹಾಡುಗಳನ್ನು ಕಟ್ಟಾಗಿ ಪೋಣಿಸಿ ಅವರು ಮಾಡಿದ 15 ‘ರುಕೋವೆತ್’ಗಳನ್ನು ಸೆರ್ಬಿಯಾದ ವೃಂದಗಾಯಕರು ಬಾಯಿಪಾಠ ಮಾಡಿಕೊಂಡಿದ್ದಾರೆ. ಪದೇ ಪದೇ ಹಾಡಿದ್ದರಿಂದಲೇ ಅವು ಒಂದು ಜನಾಂಗದ ಸೊತ್ತಾದವು. ಸತ್ತವರಿಗೆ ಸಿಗುವ ಈ ಮರುಕಳಿಕೆ ಬದುಕಿರುವವರಿಗೂ ಸಿಗಲಿ ಎಂಬುದಷ್ಟೇ ನನ್ನ ಮಾತು.

ಸಿಕ್ಕಾಗ ಏನಾಗುತ್ತದೆ ಎನ್ನುವುದಕ್ಕೂ ಸೆರ್ಬಿಯಾದವರೇ ಸಾಕ್ಷಿ, ಆದರೆ ಹೊರಗೆ ಹೋದವರು. ನೋವಿ ಸಾದ್‌ನಲ್ಲಿ 1970ರಲ್ಲಿ ಹುಟ್ಟಿದ ಅಲೆಕ್ಸಾಂದ್ರಾ ವ್ರೆಬಾಲೊವ್ ಅಮೆರಿಕಕ್ಕೆ ಹೋದರು. ಅಲ್ಲಿನ ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರು ತಂತಿವಾದಕರ ತಂಡ ಅವರ ಕೈ ಹಿಡಿಯಿತು, ಬಿಡಲಿಲ್ಲ. 2007ರಲ್ಲಿ ಅವರು ಆ ತಂಡಕ್ಕಾಗಿ ಬರೆದ ಕೃತಿಯೊಂದರಲ್ಲಿ ಬಾಲ್ಕನ್‌ನ ಒಂಟಿತಂತಿ ವಾದ್ಯ ಗುಸ್ಲೆ ಇದೆ, ಡೋಲಿನಂಥ ತಪಾನ್ ಇದೆ, ಚರ್ಚಿನ ಗಂಟೆ ಇದೆ, ಮಸೀದಿಯ ಆಜಾನ್ ಇದೆ, ಸಂಯೋಜಕಿಯ ಅಜ್ಜಿಯ ದನಿಯೂ ಇದೆ. ನೆರೆಯವನೇ, ಈ ಬಿರುಗಾಳಿಯಲ್ಲಿ ನನ್ನನ್ನು ತಬ್ಬಿಕೋ ಎನ್ನುವ ಅರ್ಥದ ಹೆಸರು ಅದಕ್ಕೆ. ಯುಗೊಸ್ಲಾವಿಯಾ ಒಡೆದದ್ದನ್ನು ಕಂಡವರು ಬರೆದದ್ದು ಎಂದು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಕ್ರೋನೋಸ್ ಅದನ್ನು ಕಛೇರಿಗಳಲ್ಲಿ ನುಡಿಸಿತು, ಧ್ವನಿಮುದ್ರಿಸಿತು, ಮತ್ತೆ ಹೊಸದನ್ನು ಬರೆಸಿತು. ಸಂಗೀತ ರಚನೆಗೆ ಕೊಡುವ ಗ್ರಾವೆಮೇಯರ್ ಪ್ರಶಸ್ತಿ 2024ರಲ್ಲಿ ವ್ರೆಬಾಲೊವ್ ಅವರಿಗೆ ಬಂದದ್ದೂ ಕ್ರೋನೋಸ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊದ ಹುಡುಗಿಯರ ಗಾಯನವೃಂದಕ್ಕಾಗಿ ಬರೆದ ಕೃತಿಗೆ. ಮಾಂಟ್ರಿಯಲ್‌ನಲ್ಲಿ ನೆಲೆಸಿರುವ ಆನಾ ಸೊಕೊಲೊವಿಚ್ ಅವರ ‘ಸ್ವಾದ್ಬಾ’ ಇನ್ನೊಂದು ಉದಾಹರಣೆ. ಮದುವೆಯ ಹಿಂದಿನ ರಾತ್ರಿಯ ಒಪೆರಾ, ಆರು ಹೆಣ್ಣು ದನಿಗಳು, ಆರ್ಕೆಸ್ಟ್ರಾ ಇಲ್ಲ. 2011ರಲ್ಲಿ ಟೊರೊಂಟೊದಲ್ಲಿ ಮೊದಲು ಹಾಡಿದ್ದು ಆಮೇಲೆ ಫ್ರಾನ್ಸ್‌ನ ಎಕ್ಸ್-ಆಂ-ಪ್ರೊವಾನ್ಸ್ ಊರಿನ ಉತ್ಸವದವರೆಗೂ ಹೋಯಿತು. ಸುಬೋತಿತ್ಸಾದ ಮಾರ್ಕೊ ನಿಕೊದಿಯೆವಿಚ್, ಬೆಲ್‌ಗ್ರೇಡಿನ ಮಿಲಿತ್ಸಾ ಜೋರ್ಜೆವಿಚ್ ಇಬ್ಬರೂ ಜರ್ಮನಿ ಸೇರಿ ಸೀಮೆನ್ಸ್ ಪ್ರತಿಷ್ಠಾನದ ಯುವ ಸಂಯೋಜಕರ ಪುರಸ್ಕಾರ ಪಡೆದರು, ನಿಕೊದಿಯೆವಿಚ್ 2013ರಲ್ಲಿ, ಜೋರ್ಜೆವಿಚ್ 2016ರಲ್ಲಿ. ಇವರೆಲ್ಲ ಪ್ರತಿಭಾವಂತರು, ಸರಿ. ಆದರೆ ಪ್ರತಿಭೆಯ ಜೊತೆಗೆ ಮತ್ತೆ ನುಡಿಸುವ ಕೈಗಳೂ ಅವರಿಗೆ ಸಿಕ್ಕವು.

ಸೆರ್ಬಿಯಾದ ಸಂಯೋಜಕರ ಹಬ್ಬ ಎಂದಾಗ ಯಾರನ್ನು ಸೇರಿಸಬೇಕು ಎಂಬ ಪ್ರಶ್ನೆ ಏಳುವುದೂ ಇಲ್ಲೇ. ಮಾರಿಚ್ ಅವರ ಗುರು ಸ್ಲಾವೆನ್‌ಸ್ಕಿ ಹುಟ್ಟಿದ್ದು ಇವತ್ತಿನ ಕ್ರೊಯೇಷಿಯಾದಲ್ಲಿ, ದುಡಿದದ್ದು, 1955ರಲ್ಲಿ ತೀರಿಕೊಂಡದ್ದು ಬೆಲ್‌ಗ್ರೇಡಿನಲ್ಲಿ. 1934ರ ಅವರ ‘ಪೂರ್ವದ ಸಿಂಫನಿ’ಯಲ್ಲಿ ಪೇಗನ್ನರಿಗೆ, ಯಹೂದಿಗಳಿಗೆ, ಬೌದ್ಧರಿಗೆ, ಕ್ರೈಸ್ತರಿಗೆ, ಮುಸ್ಲಿಮರಿಗೆ ಒಂದೊಂದು ಭಾಗ. ಇಂಥವರನ್ನು ಯಾವ ದೇಶದ ಪಟ್ಟಿಗೆ ಹಾಕುತ್ತೀರಿ? ಎರಡೂ ದೇಶದ್ದಕ್ಕೆ ಹಾಕಿ ಎನ್ನುತ್ತೇನೆ ನಾನು. ಬೇಲಿ ಹಾಕಿದ ಹಬ್ಬ ಸಂಗೀತಕ್ಕೆ ಸಲ್ಲದು.

ಆಯೋಜಕರ ಕಡೆಯ ವಾದವೂ ನನಗೆ ಗೊತ್ತು. ಹೊಸಬರಿಗೆ ಇರುವುದೇ ಒಂದು ಕಿಟಕಿ, ಅದರಲ್ಲೂ ಹಳೆಯದನ್ನು ತಂದಿಟ್ಟರೆ ಅವರು ಎಲ್ಲಿಗೆ ಹೋಗಬೇಕು? ಹಳೆಯದನ್ನು ನುಡಿಸುವ ಕೆಲಸ ಆರ್ಕೆಸ್ಟ್ರಾಗಳದ್ದಲ್ಲವೇ? ಅವರದ್ದೇ, ಆದರೆ ಅವು ಮಾಡುತ್ತಿಲ್ಲ. ಟಿಕೆಟ್ ಮಾರಾಟವಾಗಬೇಕು, ಬೀತೋವನ್‌ಗೆ ಸಭಾಂಗಣ ತುಂಬುತ್ತದೆ. ಹಾಗಾಗಿ ಭಾರ ಹಬ್ಬದ ಮೇಲೇ ಬೀಳುತ್ತದೆ. ಪ್ರತಿ ಸಂಜೆ ಒಂದೇ ಒಂದು ಕೃತಿ ಹತ್ತು, ಇಪ್ಪತ್ತು, ಮೂವತ್ತು ವರ್ಷ ಹಿಂದಿನದಾಗಿರಲಿ. ಎಂಟು ನಿಮಿಷದ ಹೊಸ ಕೃತಿಯಿದ್ದರೆ ವಿರಾಮಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ನುಡಿಸಲಿ. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ, ತಾಲೀಮು ಆಗಿಯೇ ಇರುತ್ತದೆ. ಬೆಲ್‌ಗ್ರೇಡಿಗೆ ಈ ಬುದ್ಧಿ ಹೊರಗಿನಿಂದ ಬರಬೇಕಿಲ್ಲ. ರೇಡಿಯೋ ಬೆಲ್‌ಗ್ರೇಡ್ 1972ರಲ್ಲಿ ಶುರುಮಾಡಿದ ಎಲೆಕ್ಟ್ರಾನಿಕ್ ಸ್ಟುಡಿಯೋದಲ್ಲಿ ಸಿಂಥಿ 100 ಎಂಬ, ವಿದ್ಯುತ್ತಿನಿಂದ ನಾದ ಹೊರಡಿಸುವ, ದೊಡ್ಡ ಬೀರುವಿನಷ್ಟು ಗಾತ್ರದ ಯಂತ್ರವಿದೆ. ಸಂಯೋಜಕ ವ್ಲಾದಾನ್ ರಾದೊವಾನೊವಿಚ್ ಬಹುಕಾಲ ನಡೆಸಿದ ಸ್ಟುಡಿಯೋ ಅದು. ಆ ಯಂತ್ರವನ್ನು ಗುಜರಿಗೆ ಹಾಕದೆ ಈಚಿನ ವರ್ಷಗಳಲ್ಲಿ ರಿಪೇರಿ ಮಾಡಿ ಮತ್ತೆ ನುಡಿಸುತ್ತಿದ್ದಾರೆ. ಯಂತ್ರಕ್ಕೆ ತೋರಿದ ಈ ಅಕ್ಕರೆಯನ್ನು ಸ್ವರಲಿಪಿಗಳಿಗೂ ತೋರಿಸಲಿ.

ಮೊದಲು ಯಾವುದನ್ನು ಮತ್ತೆ ತರಬೇಕು ಎಂದು ನನ್ನನ್ನು ಕೇಳಿದರೆ ಇಸಿದೋರಾ ಝೆಬೆಲ್ಯಾನ್ ಅವರ ಒಪೆರಾ ಎನ್ನುತ್ತೇನೆ. 2003ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರಂಗಕ್ಕೆ ಬಂದ ‘ಝೋರಾ ಡಿ.’ ಅವರಿಗೆ ದೊಡ್ಡ ಹೆಸರು ತಂದಿತು. ನನ್ನ ಮನಸ್ಸಿನಲ್ಲಿರುವುದು ಇನ್ನೊಂದು, 2012ರಲ್ಲಿ ಇಟಲಿಯ ಸಿಯೆನಾದಲ್ಲಿ ಮೊದಲು ಪ್ರದರ್ಶನಗೊಂಡ ಏಕಾಂಕ: ‘ಎರಡು ತಲೆ ಮತ್ತು ಒಬ್ಬ ಹುಡುಗಿ’. ಹೆಸರು ಓದಿದ ಕೂಡಲೇ ಕನ್ನಡಿಗರಿಗೆ ಗೊತ್ತಾಗಿರಬೇಕು. ತಲೆಗಳು ಅದಲುಬದಲಾಗುವ ನಮ್ಮ ಹಳೆಯ ಬೇತಾಳ ಕಥೆಯೇ ಅದು. 1971ರಲ್ಲಿ ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ದೇವದತ್ತ, ಕಪಿಲ, ಪದ್ಮಿನಿಯರಾಗಿ ಬಂದ ಅದೇ ಕಥೆ, ಬೆಲ್‌ಗ್ರೇಡಿನ ಸಂಯೋಜಕಿಯೊಬ್ಬರ ಕೈಯಲ್ಲಿ ಒಪೆರಾ ಆಗಿದೆ. ಝೆಬೆಲ್ಯಾನ್ 2020ರ ಸೆಪ್ಟೆಂಬರಿನಲ್ಲಿ 53ನೇ ವಯಸ್ಸಿಗೇ ಹೋಗಿಬಿಟ್ಟರು. ಅವರ ಊರಿನ ಹಬ್ಬ ಇದನ್ನು ಮತ್ತೆ ಆಡಿಸಲಿ, ಆಮೇಲೆ ಯಾರಾದರೂ ಬೆಂಗಳೂರಿಗೂ ಕರೆತರಲಿ. ಒಂದು ಸಂಜೆ ಒಪೆರಾ, ಮರುಸಂಜೆ ಅದೇ ರಂಗದ ಮೇಲೆ ಹಯವದನ. ಆಯೋಜಿಸುವ ಶಕ್ತಿ ಇರುವವರು ಈ ಬರಹ ಓದುತ್ತಿದ್ದರೆ ದಯವಿಟ್ಟು ಯೋಚಿಸಿ. ಎರಡೂ ದಿನದ ಟಿಕೆಟ್ ನಾನು ಈಗಲೇ ಕೊಳ್ಳುತ್ತೇನೆ.